ಗೃಹಸಂಗೀತ: ಗಿಟಾರಿನ ಸ್ವರಗುಚ್ಛಗಳು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಗಿಟಾರ್ ಎಂಬ ವಾದ್ಯವು ಈಗ ಅಪರೂಪದ ವಸ್ತುವಲ್ಲ. ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಒಂದನ್ನು ಮನೆಗೆ ತಂದು, ನಾಲ್ಕಾರು 'ಕಾರ್ಡು'ಗಳನ್ನು ಕಲಿತಿರುವುದುಂಟು. (ಇದು ಅಂಚೆಯ ಕಾರ್ಡಲ್ಲ, ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದಕ್ಕೆ ಆ ಹೆಸರು. ನಾವು ಇಲ್ಲಿ ಸ್ವರಗುಚ್ಛವೆನ್ನುವೆವು.) ಸಂಜೆಯ ಭಜನೆಯಲ್ಲಿ ಅಜ್ಜಿಯವರು ದೇವರನಾಮವನ್ನೆತ್ತಿಕೊಂಡರೆ ಮೊಮ್ಮಗನು ಪಕ್ಕದಲ್ಲಿ ಕುಳಿತು ಆರು ತಂತಿಗಳನ್ನೂ ಬಾರಿಸತೊಡಗುವನು. ಎರಡು ನುಡಿ ಕಳೆಯುವಷ್ಟರಲ್ಲಿ ಹಿರಿಯರ ಕಂಠವು ತಡವರಿಸುವುದು. ಇಲ್ಲವೆ ರಾಗವನ್ನು ಬಿಟ್ಟು ಗಿಟಾರಿನ ಹಿಂದೆ ಹೊರಟುಹೋಗುವುದು. ಇದು ಸಣ್ಣ ನಷ್ಟವಲ್ಲ. ಮನೆಮನೆಯ ಹಾಡಿನ ಧಾಟಿಗಳು ಎಲ್ಲಿಯೂ ಅಚ್ಚಾಗಿಲ್ಲ. ಅವು ಅಂತಹ ಕಂಠಗಳಲ್ಲಿ ಮಾತ್ರವೇ ಇರುವುವು. ಅಲ್ಲಿ ಕೆಟ್ಟರೆ ತಿದ್ದಿಕೊಳ್ಳಲು ಬೇರೊಂದು ಪ್ರತಿಯಿಲ್ಲ.

ಹಾಗೆಂದು ಪರದೇಶದ ವಾದ್ಯವನ್ನು ಅಟ್ಟಕ್ಕೇರಿಸಿರೆಂದು ನಾವು ಹೇಳುವವರಲ್ಲ. ಹಾರ್ಮೋನಿಯಂ ಸಹ ಹೊರಗಿನಿಂದಲೇ ಬಂದಿತು. ಅದೇ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪೆನಿಯು ಹುಟ್ಟಿತಷ್ಟೆ. ಅಂತಹ ಕಂಪೆನಿಗಳ ರಂಗಗೀತೆಗಳನ್ನು ಹಾರ್ಮೋನಿಯಂ ಇಲ್ಲದೆ ಊಹಿಸುವುದೇ ಕಷ್ಟ. ಆಕಾಶವಾಣಿಯವರು 1940ರಲ್ಲಿ ಅದನ್ನು ಬಹಿಷ್ಕರಿಸಿ, 1971ರಲ್ಲಿ ಆ ನಿಷೇಧವನ್ನು ಸಡಿಲಿಸಿದರು. ಅಷ್ಟು ಕಾಲವೂ ಭಜನೆಯ ಮನೆಗಳು ಅದನ್ನು ಬಿಡಲಿಲ್ಲ. ದೋಷವು ವಾದ್ಯದಲ್ಲಿ ಅಷ್ಟಾಗಿ ಇಲ್ಲ. ಯಾವ ಸ್ವರಗಳನ್ನು ಜೊತೆಗೂಡಿಸುವೆವು ಎಂಬುದರಲ್ಲಿದೆ.

ಮುಖ್ಯವಾದ ತೊಡಕು ಗಾಂಧಾರದ್ದು. ಹುಡುಗರು ಮೊದಲು ಕಲಿಯುವ ಗುಚ್ಛಗಳಲ್ಲೆಲ್ಲ ಷಡ್ಜ, ಪಂಚಮಗಳೊಡನೆ ಒಂದು ಗಾಂಧಾರವಿದ್ದೇ ಇರುವುದು. ಹಾಡು ಸಾಧಾರಣ ಗಾಂಧಾರವನ್ನು ಬೇಡುವಾಗ ತಂತಿಯು ಅಂತರ ಗಾಂಧಾರವನ್ನು ಕೂಗಿದರೆ ಹಾಡುವವರು ಏನು ಮಾಡಬೇಕು? ಅಂತರ ಗಾಂಧಾರವೇ ಬೇಕಾದ ಹಾಡಿನಲ್ಲಿಯೂ ಪೂರ್ಣ ಹೊಂದಿಕೆಯಿಲ್ಲ. ತಂಬೂರಿಯ ಷಡ್ಜದ ತಂತಿಯನ್ನು ಮೀಟಿ ಕಿವಿಗೊಟ್ಟರೆ ಅದರೊಳಗಿಂದ ಗಾಂಧಾರವು ತಾನಾಗಿಯೇ ಕೇಳಿಸುವುದು. ಸ್ವಯಂಭೂ ಗಾಂಧಾರವೆಂಬುದು ಅದೇ. ಗಿಟಾರಿನ ಮೆಟ್ಟಿಲುಗಳನ್ನು ಸಮವಾಗಿ ಭಾಗಿಸಿರುವುದರಿಂದ, ಒಂದು ಮೆಟ್ಟಿಲಿನ ಅಂತರವನ್ನು 100 ಪಾಲು ಮಾಡಿದರೆ ಅದರ ಗಾಂಧಾರವು ಸುಮಾರು 14 ಪಾಲು ಏರಿರುವುದು. ಪಂಚಮದಲ್ಲಾದರೋ ವ್ಯತ್ಯಾಸವು 2 ಪಾಲು ಮಾತ್ರ. ಅಟ್ಟದ ಕಾಯನ್ನು ಅಲುಗಿಸಿ, ಒಳಗೆ ಕೊಬ್ಬರಿಯು ಬಿಟ್ಟುಕೊಂಡಿತೇ ಇಲ್ಲವೇ ಎಂಬುದನ್ನು ಸದ್ದಿನಿಂದಲೇ ಹೇಳುವ ಸೀಮೆಯವರಿಗೆ ಈ ಸೂಕ್ಷ್ಮವು ಕೇಳಿಸದಿರಲಾರದು.

ಆದುದರಿಂದ ನಮಗೆ ಬಹಳ ಪ್ರಿಯವಾದುದು ಗಾಂಧಾರವಿಲ್ಲದ ಗುಚ್ಛವು. ಗಿಟಾರಿನ ತಂತಿಗಳಲ್ಲಿ ತೆಳುವಾದುದು ಒಂದನೆಯದು, ದಪ್ಪನಾದುದು ಆರನೆಯದು. ಐದನೆಯ ತಂತಿಯನ್ನು ಒತ್ತದೆ ಬಿಟ್ಟು ಅದನ್ನೇ ಷಡ್ಜವೆಂದು ತಿಳಿಯಿರಿ. ನಾಲ್ಕನೆಯ ಮತ್ತು ಮೂರನೆಯ ತಂತಿಗಳನ್ನು ಎರಡನೆಯ ಮೆಟ್ಟಿಲಿನಲ್ಲಿ ಒತ್ತಿರಿ. ಅವು ಮಂದ್ರ ಪಂಚಮ, ಮಧ್ಯ ಷಡ್ಜಗಳಾಗುವುವು. ಆರನೆಯದನ್ನು ಮೀಟಕೂಡದು. ಈಗ ನಾಲ್ಕನೆಯ ತಂತಿಯನ್ನು ಒಮ್ಮೆ, ಮೂರನೆಯದನ್ನು ಎರಡು ಸಲ, ಐದನೆಯದನ್ನು ಒಮ್ಮೆ, ಹೀಗೆ ನಿಧಾನವಾಗಿ ಮೀಟುತ್ತ ಹೋದರೆ ಪ ಸ ಸ ಸ ಎಂಬ ತಂಬೂರಿಯ ಕ್ರಮವೇ ದೊರೆಯುವುದು! ಯಾವ ರಾಗಕ್ಕೂ ಇದರಿಂದ ಬಾಧಕವಿಲ್ಲ. ತೋಡಿ, ಭೈರವಿಗಳಂತಹ ಗಮಕಪ್ರಧಾನವಾದ ರಾಗಗಳಿಗೆ ಇದಕ್ಕಿಂತ ಹೆಚ್ಚಿನದನ್ನು ಮಾಡಲೇಬಾರದೆಂದು ನಮ್ಮ ಅಭಿಪ್ರಾಯ.

ಇನ್ನು ಎರಡನೆಯ ತಂತಿಯೊಂದರಲ್ಲಿಯೇ ಎಷ್ಟು ಬಗೆಯಿದೆ ನೋಡಿರಿ. ಮೇಲಿನ ಹಿಡಿತವನ್ನು ಬಿಡದೆ ಎರಡನೆಯ ತಂತಿಯನ್ನು ತೆರೆದೇ ಮೀಟಿದರೆ ಚತುಶ್ರುತಿ ರಿಷಭ; ಒಂದನೆಯ ಮೆಟ್ಟಿಲಿನಲ್ಲಿ ಸಾಧಾರಣ ಗಾಂಧಾರ; ಎರಡನೆಯದರಲ್ಲಿ ಅಂತರ ಗಾಂಧಾರ; ಮೂರನೆಯದರಲ್ಲಿ ಶುದ್ಧ ಮಧ್ಯಮ; ಐದನೆಯದರಲ್ಲಿ ಪಂಚಮ. ಒಂದು ಬೆರಳಿನ ಸ್ಥಾನದಿಂದಲೇ ಗುಚ್ಛದ ಮುಖವು ಬದಲಾಗುವುದು. ಹಾಡಿನಲ್ಲಿ ಯಾವುದಿದೆಯೆಂದು ಮೊದಲು ಹಾಡಿಸಿ ಕೇಳಿ, ಅನಂತರ ಬೆರಳನ್ನಿಡತಕ್ಕದ್ದು.

ಮೋಹನರಾಗದ ಹಾಡುಗಳಿಗೆ ಮತ್ತೊಂದು ಹಿಡಿತವು ಬಹು ಸೊಗಸಾಗಿ ಒಪ್ಪುವುದು. ತೋರುಬೆರಳನ್ನು ಅಡ್ಡವಾಗಿಟ್ಟು ನಾಲ್ಕು ತೆಳು ತಂತಿಗಳನ್ನೂ ಎರಡನೆಯ ಮೆಟ್ಟಿಲಿನಲ್ಲಿ ಒತ್ತಿ, ಐದನೆಯದನ್ನು ಬಿಟ್ಟರೆ ಸ ಪ ಸ ಗ ದ ಎಂದು ನುಡಿಯುವುದು. ರಾಗಕ್ಕೆ ಹೊರಗಾದ ಸ್ವರವೊಂದೂ ಇಲ್ಲ. ಸಾಲು ರಿಷಭದಲ್ಲಿಯೋ ಪಂಚಮದಲ್ಲಿಯೋ ನಿಂತಾಗ, ಐದು, ನಾಲ್ಕು, ಮೂರನೆಯ ತಂತಿಗಳನ್ನು ಅದೇ ಮೆಟ್ಟಿಲಿನಲ್ಲಿ ಒತ್ತಿ ಮಿಕ್ಕ ಮೂರನ್ನು ತೆರೆದಿಡಬೇಕು. ಇದರಲ್ಲಿ ಪ, ರಿ, ಸ ಮಾತ್ರವೇ ಇರುವುದರಿಂದ ಇದೂ ಮೋಹನಕ್ಕೆ ಒಳಪಟ್ಟದ್ದೇ. ಮಾಯಾಮಾಳವಗೌಳದಲ್ಲಿ ಹಾಗೆ ಓಡಾಡಹೋಗಬಾರದು. ಅಲ್ಲಿ ಸ, ಗ, ಪ ಇವುಗಳ ಗುಚ್ಛವೊಂದನ್ನು ಹಿಡಿದು ಕುಳಿತರೆ ಸಾಕು. ಪುಸ್ತಕದಲ್ಲಿ ಅದರ ಜೊತೆಗೆ ಬರುವ ಮಿಕ್ಕ ಗುಚ್ಛಗಳಲ್ಲಿ ಚತುಶ್ರುತಿ ರಿಷಭವೂ ಚತುಶ್ರುತಿ ಧೈವತವೂ ನುಸುಳಿ ಶುದ್ಧಸ್ವರಗಳನ್ನು ಕೆಡಿಸುವುವು.

ಶ್ರುತಿಯ ವಿಷಯ. ಐದನೆಯ ತಂತಿಯ ಷಡ್ಜವು ಹಾರ್ಮೋನಿಯಂ ಲೆಕ್ಕದಲ್ಲಿ ಆರು ಮನೆ; ಅನೇಕ ಹೆಂಗಸರ ಕಂಠಕ್ಕೆ ಇದೇ ಹೊಂದುವುದು. ಐದೂವರೆ ಬೇಕಾದವರಿಗಾಗಿ ಎಲ್ಲ ತಂತಿಗಳನ್ನೂ ಅರ್ಧ ಮನೆ ಇಳಿಸಬೇಕು. ಗಂಡಸರು ಒಂದು ಮನೆಯಲ್ಲಿ ಹಾಡುವುದಾದರೆ ಕೇಪೊ ಎಂಬ ಹಿಡಿಕೆಯನ್ನು ಮೂರನೆಯ ಮೆಟ್ಟಿಲಿಗೆ ಸಿಕ್ಕಿಸಿ, ಅಲ್ಲಿಂದ ಮುಂದಕ್ಕೆ ಮೆಟ್ಟಿಲುಗಳನ್ನೆಣಿಸಬೇಕು. ವಾದ್ಯಕ್ಕಾಗಿ ಹಾಡುವವರ ಶ್ರುತಿಯನ್ನು ಏರಿಸುವುದೂ ಇಳಿಸುವುದೂ ತರವಲ್ಲ. ತಲೆಗೆ ಕೊಬ್ಬರಿಯೆಣ್ಣೆ ಹಚ್ಚಿದ ಕೈಯಿಂದ ತಂತಿಯನ್ನು ಮುಟ್ಟುವುದೂ ತರವಲ್ಲ. ಎಣ್ಣೆಯ ಜಿಡ್ಡು ಸೇರಿದ ತಂತಿಯು ಬೇಗ ಮಂಕಾಗುವುದು. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರಸಿಡುವುದು ಒಳ್ಳೆಯದು.

ಆದಿತಾಳದ ಪ್ರತಿಯೊಂದು ಪೆಟ್ಟಿಗೂ ಬಾರಿಸುವ ಚಟವನ್ನು ಬಿಟ್ಟು, ನಿಧಾನವಾದ ಹಾಡಿನಲ್ಲಿ ಎಂಟು ಅಕ್ಷರಕ್ಕೊಮ್ಮೆ, ಸಮದಲ್ಲಿ ಮಾತ್ರ ಮೀಟಿ ನೋಡಿರಿ. ಹಾಡುವವರಿಗೆ ಉಸಿರಾಡಲು ಸ್ಥಳ ಸಿಗುವುದು.

ಭಜನೆಯ ಕೊನೆಗೆ ಮಧ್ಯಮಾವತಿಯಲ್ಲಿ ಮಂಗಳ ಹಾಡುವ ಮನೆಗಳಿಗಾಗಿ ಇನ್ನೊಂದನ್ನು ಹೇಳಬೇಕು. ಮೊದಲು ಹೇಳಿದ ಹಿಡಿತದಲ್ಲಿ ಮೂರನೆಯ ತಂತಿಯ ಬೆರಳನ್ನೆತ್ತಿ, ಎರಡನೆಯದನ್ನು ಮೂರನೆಯ ಮೆಟ್ಟಿಲಿನಲ್ಲಿ ಒತ್ತಿರಿ. ಒಂದನೆಯದು ತೆರೆದೇ ಇರಲಿ. ಸ, ಪ, ಕೈಶಿಕಿ ನಿಷಾದ, ಶುದ್ಧ ಮಧ್ಯಮ, ಮತ್ತೆ ಪ; ಎಲ್ಲವೂ ಆ ರಾಗದವೇ. ಕಟ್ಟಕಡೆಯ ಷಡ್ಜಕ್ಕೆ ಮೂರನೆಯ ತಂತಿಯ ಬೆರಳನ್ನು ಮರಳಿ ಅದರ ಸ್ಥಾನದಲ್ಲಿಟ್ಟು, ಐದು, ನಾಲ್ಕು, ಮೂರನೆಯ ತಂತಿಗಳನ್ನು ಮಾತ್ರ ಒಮ್ಮೆ ಮೀಟಿ, ಧ್ವನಿಯು ತಾನಾಗಿ ಅಡಗುವವರೆಗೆ ಕೈಯಿಡದೆ ಬಿಡತಕ್ಕದ್ದು.