ಸ್ಟಾಕ್‌ಹೋಮ್‌ಗೆ ಹೊರಡುವ ಮುನ್ನ

ಒಂದು ಕಾಲದಲ್ಲಿ ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ‘ಫಾರಿನ್’ ಎಂದರೆ ಸೌದಿ ಅಥವಾ ದುಬೈ ಎಂದೇ ಅರ್ಥ. ವಯಸ್ಸಾದವರ ಪಾಲಿಗೆ ವಿಮಾನ ಪ್ರಯಾಣವೆಂದರೆ ಹಜ್ ಇಲ್ಲವೇ ಉಮ್ರಾ. ಈಗ ಇಂಜಿನಿಯರಿಂಗ್ ಓದಿದ ಮಕ್ಕಳು ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳಲ್ಲೂ ದುಡಿಯುತ್ತಿದ್ದಾರೆ. “ಅಮ್ಮಿ, ಒಂದು ತಿಂಗಳು ಬಂದು ಹೋಗಿ” ಎಂಬ ಕರೆ ಬರುತ್ತದೆ. ಮನೆಯಲ್ಲಿ ಸಂಭ್ರಮ. ಆದರೆ ತಯಾರಿಯ ಮಾತು ಬಂದಾಗ ತಾಯಿ ಹೇಳುವುದು ಒಂದೇ ಮಾತು: “ನನಗೇನು ಗೊತ್ತು, ಅವರೇ ನೋಡಿಕೊಳ್ಳುತ್ತಾರೆ.”

ಸಹೋದರಿಯರೇ, ಉಮ್ರಾಕ್ಕೆ ಹೋಗುವವರ ಗುಂಪಿನ ಜೊತೆ ಟ್ರಾವೆಲ್ಸ್‌ನವರು ಇರುತ್ತಾರೆ. ಇಲ್ಲಿ ಹಾಗಿಲ್ಲ. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ “ಎಲ್ಲಿಗೆ ಬಂದಿರಿ, ಎಷ್ಟು ದಿನ ಇರುತ್ತೀರಿ?” ಎಂದು ಕೇಳುವುದು ನಿಮ್ಮನ್ನು. ಉತ್ತರ ನಿಮಗೆ ಗೊತ್ತಿರಬೇಡವೇ?

ಮೊದಲು ಮನೆಯ ಟ್ರಂಕ್ ತೆರೆಯಿರಿ. ಶಾಲೆಯ ಟಿ.ಸಿ.ಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ನಿಕಾಹ್‌ನಾಮೆಯಲ್ಲಿ ಮತ್ತೊಂದು. ಒಂದರಲ್ಲಿ ‘ಬಿ’, ಇನ್ನೊಂದರಲ್ಲಿ ‘ಬೀಬಿ’, ಮಗದೊಂದರಲ್ಲಿ ‘ಬಾನು’. ನಮ್ಮ ಎಷ್ಟೋ ಹೆಣ್ಣುಮಕ್ಕಳ ಕಾಗದಪತ್ರಗಳ ಸ್ಥಿತಿ ಇದು. ಮಗ ಆಹ್ವಾನ ಪತ್ರ ಕಳುಹಿಸಿದಾಗ ನೀವು ಅವನ ತಾಯಿಯೆಂದು ತೋರಿಸಬೇಕಾಗುತ್ತದೆ. ಅವನ ಜನನ ಪ್ರಮಾಣಪತ್ರದಲ್ಲಿರುವ ತಾಯಿಯ ಹೆಸರಿಗೂ ನಿಮ್ಮ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗದಿದ್ದರೆ ತೊಡಕು. ಇದನ್ನು ಸರಿಪಡಿಸಲು ತಿಂಗಳುಗಳೇ ಬೇಕಾಗಬಹುದು. ಆದ್ದರಿಂದ ಟಿಕೆಟಿನ ಯೋಚನೆಗಿಂತ ಮೊದಲು ಹೆಸರಿನ ಯೋಚನೆ ಮಾಡಿ.

ಇನ್ನು ವೀಸಾ. ಸ್ವೀಡನ್, ಡೆನ್ಮಾರ್ಕ್, ನಾರ್ವೆ ಮೂರೂ ‘ಶೆಂಗನ್’ ಒಕ್ಕೂಟದಲ್ಲಿವೆ. ಒಂದೇ ವೀಸಾ ಸಾಕು. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರವಾಸಕ್ಕೆ 6 ತಿಂಗಳು ಮೊದಲಿನಿಂದಲೇ ಅರ್ಜಿ ಸಲ್ಲಿಸಬಹುದು. 15 ದಿನಕ್ಕಿಂತ ತಡ ಮಾಡುವಂತಿಲ್ಲ. ಬೆರಳಚ್ಚು ಕೊಡಲು ನೀವೇ ಬೆಂಗಳೂರಿಗೆ ಹೋಗಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ವೀಸಾ ತಿರಸ್ಕೃತವಾದರೆ ಈ ಹಣ ಮರಳಿ ಬಾರದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಅಲ್ಲಿ ಕಾಯಿಲೆ ಬಿದ್ದರೆ ಆಸ್ಪತ್ರೆಯ ಖರ್ಚು ನಮ್ಮ ಕೈಗೆಟುಕದು. ವಿಮೆಯ ಹಣವನ್ನು ದಂಡವೆಂದು ಭಾವಿಸಬೇಡಿ.

ಹಲವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ‘ಈಗ ಅಗ್ಗ’ ಎಂಬ ಮಾತು ನಂಬಿ, ತೆಂಗು ಅಡಿಕೆ ಮಾರಿ ಕೂಡಿಟ್ಟ ಹಣವನ್ನು ಮರಳಿ ಬಾರದ ಟಿಕೆಟಿಗೆ ಸುರಿಯುತ್ತಾರೆ. ಆಮೇಲೆ ವೀಸಾ ಬಾರದಿದ್ದರೆ? ಅರ್ಜಿಗೆ ಬೇಕಾದುದು ಹೋಗಿಬರುವ ದಿನಾಂಕವಿರುವ ಕಾಯ್ದಿರಿಸುವಿಕೆ ಮಾತ್ರ. ರದ್ದು ಮಾಡಿದರೆ ಹಣ ಹಿಂತಿರುಗಿಸುವ ಹೋಟೆಲನ್ನೇ ಆರಿಸಿ. ಪೂರ್ತಿ ಹಣ ಕಟ್ಟುವುದು ವೀಸಾ ಕೈಗೆ ಬಂದ ಮೇಲೆ.

ಬೆಂಗಳೂರಿನಿಂದ ಸಾಮಾನ್ಯವಾಗಿ ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್‌ನಂತಹ ಊರಿನಲ್ಲಿ ವಿಮಾನ ಬದಲಿಸಿ ಹೋಗಬೇಕು. ಬದಲಿಸಲು ಮೂರು ಗಂಟೆಯಾದರೂ ಬಿಡುವಿರಲಿ. ಮೊಣಕಾಲು ನೋವಿದ್ದರೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಿ, ಅದರಲ್ಲಿ ಸಂಕೋಚವೇಕೆ? ಕಡೂರಿನಿಂದ ಬೆಂಗಳೂರು ಇನ್ನೂರು ಕಿ.ಮೀ.ಗೂ ಹೆಚ್ಚು, ವಿಮಾನ ನಿಲ್ದಾಣವಿರುವುದು ನಗರದಾಚೆ ದೇವನಹಳ್ಳಿಯ ಬಳಿ. ಹಿಂದಿನ ದಿನವೇ ಬೆಂಗಳೂರು ಸೇರುವುದು ಕ್ಷೇಮ.

ಸ್ಟಾಕ್‌ಹೋಮ್‌ನಲ್ಲಿ ಮಗನ ಮನೆಯಿದೆ, ಕೋಪನ್‌ಹೇಗನ್ ನೋಡಲು ಎರಡು ದಿನ ಹೋಗುತ್ತೀರಿ ಎನ್ನಿ. ಹೋಟೆಲು ರೈಲು ನಿಲ್ದಾಣದ ಹತ್ತಿರವಿರಲಿ. ಅಡುಗೆಗೆ ಸೌಕರ್ಯವಿರುವ ಕೋಣೆ ಸಿಕ್ಕರೆ ಖರ್ಚೂ ಉಳಿಯುತ್ತದೆ, ಹಲಾಲ್ ಊಟದ ಚಿಂತೆಯೂ ತಪ್ಪುತ್ತದೆ. ಮೀನು, ಮೊಟ್ಟೆ, ತರಕಾರಿ ಎಲ್ಲೆಡೆ ಸಿಗುತ್ತವೆ. ಆದರೆ ಊರಿನಿಂದ ಮಾಂಸ, ತುಪ್ಪ, ಹಾಲಿನ ಸಿಹಿತಿಂಡಿ ಕೊಂಡೊಯ್ಯಬೇಡಿ. ಅಲ್ಲಿನ ಕಾನೂನು ಒಪ್ಪುವುದಿಲ್ಲ. ಮೂರು ದೇಶಗಳಲ್ಲೂ ಯೂರೋ ನಡೆಯುವುದಿಲ್ಲ, ಒಂದೊಂದಕ್ಕೂ ತನ್ನದೇ ಕ್ರೋನ್ ನಾಣ್ಯ. ಸ್ವೀಡನ್ನಿನ ಎಷ್ಟೋ ಅಂಗಡಿಗಳಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ. ಹೊರದೇಶದಲ್ಲಿ ನಡೆಯುವ ಕಾರ್ಡ್ ನಿಮ್ಮ ಹೆಸರಿನಲ್ಲೇ ಇರಲಿ.

ಜೂನ್ ಕೊನೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಸುಮಾರು 10ಕ್ಕೆ, ಹುಟ್ಟುವುದು ಮುಂಜಾನೆ ಮೂರೂವರೆಗೆ. ಮಗ್ರಿಬ್, ಇಶಾ, ಫಜ್ರ್ ಒತ್ತೊತ್ತಾಗಿ ಬರುತ್ತವೆ. ಅಲ್ಲಿನ ಮಸೀದಿಯ ವೇಳಾಪಟ್ಟಿಯನ್ನೇ ಅನುಸರಿಸಿ. ಹಳೆಯ ವಿದ್ಯುತ್ ಕೇಂದ್ರದ ಕಟ್ಟಡವನ್ನು ಪರಿವರ್ತಿಸಿ 2000ದಲ್ಲಿ ತೆರೆದ ಸ್ಟಾಕ್‌ಹೋಮ್ ಮಸೀದಿ ನಗರದ ನಡುವೆಯೇ ಇದೆ, ಮಹಿಳೆಯರಿಗೂ ಸ್ಥಳವಿದೆ. ಡಿಸೆಂಬರಿನಲ್ಲಾದರೋ ಹಗಲು ಆರೇ ಗಂಟೆ, ಚಳಿ ವಿಪರೀತ. ಹಿರಿಯರಿಗೆ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ ಒಳ್ಳೆಯ ಕಾಲ.

ಕೊನೆಯದಾಗಿ ಒಂದು ಕೆಲಸ. ಚಿಕ್ಕ ನೋಟ್‌ಬುಕ್ಕಿನಲ್ಲಿ ಮಗನ ವಿಳಾಸ, ದೂರವಾಣಿ, ಹೋಟೆಲಿನ ಹೆಸರು, ವಿಮೆಯ ಸಂಖ್ಯೆ, ಮರಳುವ ದಿನಾಂಕ, ನೀವು ಸೇವಿಸುವ ಮಾತ್ರೆಗಳ ಹೆಸರು ಬರೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯಲು ಬಾರದಿದ್ದರೆ ಮೊಮ್ಮಗಳಿಂದ ಬರೆಸಿ, ನೀವು ಕನ್ನಡದಲ್ಲೋ ಉರ್ದುವಿನಲ್ಲೋ ಪಕ್ಕದಲ್ಲಿ ಬರೆದುಕೊಳ್ಳಿ. ಆ ಪುಸ್ತಕವೂ ಪಾಸ್‌ಪೋರ್ಟೂ ಯಜಮಾನರ ಜೇಬಿನಲ್ಲಿ ಬೇಡ, ನಿಮ್ಮ ಕೈಚೀಲದಲ್ಲಿರಲಿ. ಜನಜಂಗುಳಿಯಲ್ಲಿ ಇಬ್ಬರೂ ಬೇರೆಯಾದರೆ ನಿಮ್ಮನ್ನು ಮಗನ ಮನೆ ತಲುಪಿಸುವುದು ಅದೇ.