ಐವತ್ತು ಸಾವಿರ ಕುಣಿಕೆ

ಒಂದು ಸ್ವೆಟರ್ ಹೆಣೆಯಲು ಎಷ್ಟು ಹೊತ್ತು ಬೇಕು? ಹೆಣೆಯುವವರನ್ನು ಕೇಳಿ ನೋಡಿ. ‘ಬಿಡುವಾದಾಗ ಕೂತರೆ ಒಂದು ತಿಂಗಳು’ ಎನ್ನುತ್ತಾರೆ, ಇಲ್ಲವೆ ‘ಚಳಿ ಶುರುವಾಗೋದರೊಳಗೆ ಮುಗಿಯುತ್ತೆ’ ಎನ್ನುತ್ತಾರೆ. ಗಂಟೆಯ ಲೆಕ್ಕ ಯಾರೂ ಹೇಳುವುದಿಲ್ಲ. ಮನೆಯೊಳಗೆ ಹೆಂಗಸರು ಮಾಡುವ ಕೆಲಸಕ್ಕೆ ಗಡಿಯಾರ ಹಿಡಿದು ನೋಡುವ ಪದ್ಧತಿ ಇಲ್ಲವಲ್ಲ.

ಆದರೆ ಈ ಲೆಕ್ಕ ನಿಜಕ್ಕೂ ಬೇಕಾದವರಿದ್ದಾರೆ. ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಮಗ್ಗುಲಿನ ವಠಾರವೊಂದರಲ್ಲಿ ಬಾಡಿಗೆಗಿರುವ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ಗಾರ್ಮೆಂಟ್ಸ್ ಕೆಲಸ ತಪ್ಪಿದೆ, ಬೇರೆ ಕೆಲಸ ಸಿಕ್ಕಿಲ್ಲ. ವಯಸ್ಸು ಮೂವತ್ತಾರು. ಹೊಸೂರು ರಸ್ತೆಯ ಆಚೀಚೆ ಇಂಥವರನ್ನು ಕಾಣಲು ಹೆಚ್ಚು ದೂರ ನಡೆಯಬೇಕಾಗಿಲ್ಲ. ಬೆಳಿಗ್ಗೆ ನಲ್ಲಿ ನೀರು, ತಿಂಡಿ, ಮಗನ ಡಬ್ಬಿ. ಹತ್ತರ ಸುಮಾರಿಗೆ ಬಯೋಡೇಟಾ ಮತ್ತು ಜೆರಾಕ್ಸ್ ಪ್ರತಿಗಳಿರುವ ಪ್ಲಾಸ್ಟಿಕ್ ಕವರು ಹಿಡಿದು ಗೇಟಿನಿಂದ ಗೇಟಿಗೆ ಅಲೆದಾಟ. ಸೆಕ್ಯುರಿಟಿಯವರು ಕಾಗದ ಇಸಕೊಂಡು ‘ಬಿಟ್ಟು ಹೋಗಮ್ಮ, ಬೇಕಾದ್ರೆ ಕರೀತಾರೆ’ ಎನ್ನುತ್ತಾರೆ. ಕಾಂಪೌಂಡ್ ಗೋಡೆಗೆ ಅಂಟಿಸಿದ ‘ಬೇಕಾಗಿದ್ದಾರೆ’ ಚೀಟಿಯಲ್ಲಿ ಹೆಲ್ಪರ್, ಪ್ಯಾಕಿಂಗ್, ಚೆಕಿಂಗ್ ಎಂದೆಲ್ಲ ಬರೆದು ಕೆಳಗೆ ‘ವಯಸ್ಸು 18ರಿಂದ 30’ ಎಂದಿರುತ್ತದೆ. ಅಲ್ಲಿರುವ ಫೋನ್ ನಂಬರು ಕಂಪೆನಿಯದಲ್ಲ, ಕಂಟ್ರಾಕ್ಟರನದು.

2025ರ ಆಗಸ್ಟ್ 10ರಂದು ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾದ ಮೇಲೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ರೈಲು ಓಡುತ್ತಿದೆ. ಕೆಲಸ ಹುಡುಕುವ ವ್ಯಾಪ್ತಿ ಹಿಗ್ಗಿತು, ನಿಜ. ಆದರೆ ಸಂಬಳವಿಲ್ಲದ ತಿಂಗಳಲ್ಲಿ ಟಿಕೆಟ್ಟಿನ ದುಡ್ಡೂ ಲೆಕ್ಕಕ್ಕೆ ಬರುತ್ತದೆ.

ಮಧ್ಯಾಹ್ನ ಮನೆಗೆ ಬಂದವಳು, ಮಗ ಶಾಲೆಯಿಂದ ಬರುವ ತನಕ, ಮೊಬೈಲನ್ನು ಪಕ್ಕದಲ್ಲಿಟ್ಟುಕೊಂಡು ಕಡ್ಡಿ, ಉಲ್ಲನ್ ಕೈಗೆತ್ತಿಕೊಳ್ಳುತ್ತಾಳೆ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಹೇಳುತ್ತಾಳೆ: ‘ಅಕ್ಕಾ, ಇಷ್ಟು ಚೆನ್ನಾಗಿ ಹೆಣೀತೀರಲ್ಲ, ಗೇಟು ಗೇಟು ಯಾಕೆ ಅಲೀತೀರ? ಇದನ್ನೇ ಮಾರಬಾರದಾ?’

ಒಳ್ಳೆಯ ಮನಸ್ಸಿನ ಸಲಹೆ. ಆದರೆ ಲೆಕ್ಕ ಹಾಕದೆ ಒಪ್ಪುವಂಥದಲ್ಲ.

ಸಾಧಾರಣ ದಪ್ಪದ ಉಲ್ಲನ್ನಿನಲ್ಲಿ ಹತ್ತು ಸೆಂಟಿಮೀಟರ್ ಅಗಲಕ್ಕೆ ಸುಮಾರು 20 ಕುಣಿಕೆ, ಹತ್ತು ಸೆಂಟಿಮೀಟರ್ ಎತ್ತರಕ್ಕೆ 28 ಸಾಲು ಹಿಡಿಯುತ್ತದೆ. ಅಂದರೆ ಅಂಗೈಯಗಲದ ಒಂದು ಚೌಕಕ್ಕೆ 560 ಕುಣಿಕೆ. ದೊಡ್ಡವರ ಸ್ವೆಟರಿನ ಮುಂಭಾಗ 50 ಸೆಂಟಿಮೀಟರ್ ಅಗಲ, 60 ಉದ್ದ ಎಂದಿಟ್ಟುಕೊಂಡರೆ ಅದಕ್ಕೇ 16,800. ಬೆನ್ನಿಗೂ ಅಷ್ಟೇ. ತೋಳುಗಳೆರಡಕ್ಕೂ ಸೇರಿ ಸುಮಾರು 17,600. ಕತ್ತಿನ ಹತ್ತಿರ ಬಿಟ್ಟದ್ದು, ಪಟ್ಟಿಗೆ ಸೇರಿದ್ದು ಎಲ್ಲ ಕೂಡಿಸಿ ಕಳೆದರೆ ಹೆಚ್ಚು ಕಡಿಮೆ ಐವತ್ತು ಸಾವಿರ ಕುಣಿಕೆ. ಒಂದೊಂದು ಕುಣಿಕೆಯೂ ಸುಮಾರು ಎರಡು ಸೆಂಟಿಮೀಟರ್ ದಾರ ನುಂಗುತ್ತದೆ. ಒಟ್ಟು ಒಂದು ಕಿಲೋಮೀಟರ್! ಉಂಡೆಯಿಂದ ಉಂಡೆಗೆ ಗಂಟು ಹಾಕಿಕೊಂಡು ಹೋಗುವ ಆ ಒಂದೇ ಎಳೆ, ಅಂಗಿಯ ಆಕಾರ ತಾಳುತ್ತದೆ.

ಪಳಗಿದ ಕೈ ನಿಮಿಷಕ್ಕೆ 25 ಕುಣಿಕೆ ಹಾಕಿತೆನ್ನಿ. ಐವತ್ತು ಸಾವಿರಕ್ಕೆ 2,000 ನಿಮಿಷ, ಅಂದರೆ ಮೂವತ್ಮೂರು ಗಂಟೆಗೂ ಸ್ವಲ್ಪ ಮೇಲೆ. ಭಾಗಗಳನ್ನು ಕೂಡಿಸಿ ಹೊಲಿಯುವುದು, ತಪ್ಪಿದ ಸಾಲು ಬಿಚ್ಚಿ ಮತ್ತೆ ಹಾಕುವುದು ಸೇರಿದರೆ ಫ್ಯಾಕ್ಟರಿಯ ಐದು ಪಾಳಿಯ ದುಡಿಮೆ. ಈಗ ಐದು ದಿನದ ಕೂಲಿಗೆ ಅರ್ಧ ಕಿಲೋ ಉಲ್ಲನ್ನಿನ ಬೆಲೆ ಕೂಡಿಸಿ. ಬಂದ ಮೊತ್ತವನ್ನು ರಸ್ತೆಬದಿಯ ಸ್ವೆಟರಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಯಾವ ಗಿರಾಕಿ ಕೊಡುತ್ತಾನೆ?

ರಸ್ತೆಬದಿಯ ಆ ಸ್ವೆಟರುಗಳ ಕಥೆಯೂ ಸ್ವಾರಸ್ಯವಾಗಿದೆ. ಚಳಿಗಾಲ ಬಂತೆಂದರೆ ನಮ್ಮ ಊರೂರಿನಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. 1960ರ ದಶಕದ ಆರಂಭದಿಂದ ಬೈಲುಕುಪ್ಪೆಯಲ್ಲಿ ನೆಲೆಯೂರಿದ ನಿರಾಶ್ರಿತರಿಗೆ ಬೇಸಾಯದ ಜೊತೆಗೆ ಕೈ ಹಿಡಿದದ್ದು ಈ ವ್ಯಾಪಾರ. ಆ ಸ್ವೆಟರನ್ನು ಅವರೇ ಹೆಣೆದಿರುತ್ತಾರೆಂದು ನಂಬಿದವರು ಬಹಳ. ಸರಕು ಹೆಚ್ಚಾಗಿ ಬರುವುದು ಪಂಜಾಬಿನ ಲೂಧಿಯಾನದ ಯಂತ್ರಗಳಿಂದ.

ಕೈಗೂ ಯಂತ್ರಕ್ಕೂ ಈ ಪೈಪೋಟಿ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ವಿಲಿಯಂ ಲೀ ಎಂಬಾತ 1589ರಲ್ಲಿ ಕಾಲುಚೀಲ ಹೆಣೆಯುವ ಚೌಕಟ್ಟು ರಚಿಸಿದ. ರಾಣಿ ಎಲಿಜಬೆತ್ ಅದಕ್ಕೆ ಪೇಟೆಂಟ್ ಕೊಡಲಿಲ್ಲ. ಹೆಣೆದು ಹೊಟ್ಟೆ ಹೊರೆಯುವ ಬಡವರ ಗತಿ ಏನೆಂದು ಕೇಳಿದಳೆಂಬ ಕಥೆಯಿದೆ. ಲೀ ಫ್ರಾನ್ಸಿಗೆ ಹೋದ, ಅಲ್ಲಿಯೇ ತೀರಿಕೊಂಡ. ಯಂತ್ರ ಮಾತ್ರ ಉಳಿಯಿತು. ಇನ್ನೂರಿಪ್ಪತ್ತು ವರ್ಷ ಕಳೆದು, 1811ರಲ್ಲಿ, ಅದೇ ಸೀಮೆಯ ಹೆಣೆಗಾರರು ಕೂಲಿ ಕುಸಿದ ಸಿಟ್ಟಿಗೆ ರಾತ್ರೋರಾತ್ರಿ ಅಂಥ ಚೌಕಟ್ಟುಗಳನ್ನೇ ಒಡೆದು ಹಾಕಿದರು. ಲಡ್ಡೈಟರೆಂದು ಚರಿತ್ರೆ ಕರೆಯುವುದು ಅವರನ್ನೇ. ಮರುವರ್ಷ ಸರ್ಕಾರ ಚೌಕಟ್ಟು ಒಡೆದವರಿಗೆ ಮರಣದಂಡನೆ ಎಂಬ ಕಾನೂನು ತಂದಿತು.

ಹಾಗಾದರೆ ಆಕೆಗೆ ಗೊತ್ತಿರುವ ವಿದ್ಯೆಗೆ ಬೆಲೆಯೇ ಇಲ್ಲವೆ? ಇದೆ, ಆದರೆ ಪಕ್ಕದ ಮನೆಯಾಕೆ ತೋರಿಸಿದ ಕಡೆ ಅಲ್ಲ.

ಮಗ್ಗದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ದಾರಗಳು ನೆಟ್ಟಗೆ ಅಡ್ಡಹಾಯುತ್ತವೆ. ಎಳೆದರೆ ದಾರವೇ ಹಿಗ್ಗಬೇಕು, ಅದು ಹಿಗ್ಗುವುದಿಲ್ಲ. ಕುರುಬರ ಕಂಬಳಿ ಅಂಥದು. ಉಣ್ಣೆಯ ಹಾಸಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಗಿ ಮಾಡಿ ನೇಯುತ್ತಾರೆ. ಹೊದೆಯಬಹುದು, ಗೊಪ್ಪೆ ಹಾಕಿಕೊಳ್ಳಬಹುದು, ಮೈಗೆ ಅಂಟುವ ಅಂಗಿ ಮಾಡಲಾಗದು. ಹೆಣೆದ ಬಟ್ಟೆಯಲ್ಲಿ ದಾರ ಬಳಸಿಕೊಂಡಿರುತ್ತದೆ. ಎಳೆದಾಗ ಹಿಗ್ಗುವುದು ದಾರವಲ್ಲ, ಕುಣಿಕೆಯ ಆಕಾರ ಬದಲಾಗುತ್ತದೆ ಅಷ್ಟೆ: ದುಂಡಗಿದ್ದದ್ದು ಉದ್ದವಾಗುತ್ತದೆ, ಬಿಟ್ಟರೆ ಮತ್ತೆ ದುಂಡಗಾಗುತ್ತದೆ. ನೀವು ತೊಡುವ ಬನಿಯನ್ನೂ ಟೀ ಶರ್ಟೂ ಇದೇ ಜಾತಿ. ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಸಣ್ಣ ಸಣ್ಣ ಕುಣಿಕೆಗಳು ಸಾಲಾಗಿ ಕಾಣುತ್ತವೆ. ಇದೇ ಹೊಸೂರು ರಸ್ತೆ ಹಿಡಿದು ಸೇಲಂ ದಾಟಿ ಹೋದರೆ ಸಿಗುವ ತಿರುಪ್ಪೂರು ಬದುಕಿರುವುದೇ ಈ ಕುಣಿಕೆಯ ಮೇಲೆ.

ಹಿಗ್ಗುವ ಈ ಬಟ್ಟೆ ಸುಲಭಕ್ಕೆ ಬಗ್ಗುವುದಿಲ್ಲ. ಕತ್ತರಿಸಿದ ಅಂಚು ಸುರುಳಿಯಾಗುತ್ತದೆ, ಒಂದು ಕುಣಿಕೆ ತಪ್ಪಿದರೆ ಏಣಿಯಂತೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ. ಎಲ್ಲಿ ತಪ್ಪಿತೆಂದು ಒಂದು ನೋಟದಲ್ಲಿ ಹಿಡಿಯುವ ಕಣ್ಣಿಗೆ ಫ್ಯಾಕ್ಟರಿಯಲ್ಲಿ ಹೆಸರಿದೆ, ಚೆಕಿಂಗ್ ಅಂತ. ಸ್ವೆಟರ್ ಹೆಣೆಯುವಾಕೆ ತನ್ನ ಬಯೋಡೇಟಾದಲ್ಲಿ ‘ಟೈಲರ್’ ಎಂದಷ್ಟೇ ಬರೆದು ಬಿಡುವ ಬದಲು ‘ನಿಟ್ ಬಟ್ಟೆ ಗೊತ್ತು’ ಎಂಬ ಸಾಲು ಸೇರಿಸಿದರೆ ನಷ್ಟವೇನಿಲ್ಲ. ಮೂವತ್ತು ದಾಟಿದವರು ಬೇಡ ಎಂಬ ಚೀಟಿ ಇದರಿಂದ ಗೋಡೆಯಿಂದ ಕೆಳಗೆ ಬೀಳುವುದಿಲ್ಲ, ಅದು ಬೇರೆ ಮಾತು.

ಕೆಲಸಕ್ಕೂ ಕೆಲಸಕ್ಕೂ ನಡುವಿನ ಈ ತಿಂಗಳುಗಳನ್ನು ದಾಟಿಸುವುದು ಪಿ.ಎಫ್. ಹಣ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲಿನ ಪಿ.ಎಫ್. ಅನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ನಿಯಮ ಮಾಡಿತು. ಮುಪ್ಪಿಗೆ ಇರಲಿ ಎಂಬುದು ದಿಲ್ಲಿಯ ಆಲೋಚನೆ. ಆದರೆ ಮೂವತ್ತಾರಕ್ಕೇ ‘ವಯಸ್ಸಾಯಿತು’ ಎನ್ನಿಸಿಕೊಳ್ಳುವವಳು 58ರವರೆಗೆ ಕಾಯುವುದೆಲ್ಲಿ? ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕರೆ ಕೊಡುವ ನಾಯಕರಿಲ್ಲದೆಯೇ, ಹೊಸೂರು ರಸ್ತೆಗೆ ಇಳಿದು ನಿಂತರು. 19ರಂದೇ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಲಾಠಿ, ಅಶ್ರುವಾಯು, ಸುಟ್ಟ ವಾಹನಗಳ ಚಿತ್ರಗಳೇ ಪತ್ರಿಕೆಗಳಲ್ಲಿ ಹೆಚ್ಚು ಬಂದವು. ಕೆಲಸ ಹೋದ ಮನೆಯಲ್ಲಿ ಆ ಹಣದಿಂದ ಬಾಡಿಗೆ, ಶಾಲೆಯ ಫೀಸು ಹೇಗೆ ಸಾಗುತ್ತದೆಂಬ ಚಿತ್ರ ತೆಗೆಯುವುದು ಕಷ್ಟ.

ಮತ್ತೆ ಸ್ವೆಟರಿಗೆ ಬರೋಣ. ಮಾರಲಿಕ್ಕಲ್ಲ, ಮಗನಿಗೆ. ಬೆಂಗಳೂರಿನ ಚಳಿ ದೊಡ್ಡದೇನಲ್ಲ ಎನ್ನುವವರು ಡಿಸೆಂಬರಿನ ಬೆಳಗಿನ ಆರಕ್ಕೆ ಬಸ್ಸಿಗೆ ನಿಂತು ನೋಡಬೇಕು. 1884ರ ಜನವರಿ 13ರಂದು ಇಲ್ಲಿ ಉಷ್ಣತೆ 7.8 ಡಿಗ್ರಿ ಸೆಲ್ಷಿಯಸ್‌ಗೆ ಇಳಿದಿತ್ತು. ಸ್ವೆಟರ್ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಕುಣಿಕೆಗಳ ನಡುವೆ ಸಿಕ್ಕಿಬಿದ್ದ ನಿಶ್ಚಲ ಗಾಳಿ ಮೈಶಾಖವನ್ನು ಹೊರಗೆ ಬಿಡದೆ ತಡೆಯುತ್ತದೆ. ಸ್ಕೂಟರ್ ಮೇಲೆ ಹೊರಟರೆ ಎದುರುಗಾಳಿ ಆ ಗಾಳಿಯನ್ನೇ ಹೊತ್ತೊಯ್ಯುತ್ತದೆ. ಆಗ ಸ್ವೆಟರಿನೊಳಗೆ ಎದೆಗೆ ಒಂದು ದಿನಪತ್ರಿಕೆ ಮಡಚಿ ಇಟ್ಟುಕೊಳ್ಳುವುದು ಹಳೆಯ ಉಪಾಯ. ಈ ಪುರವಣಿಯೂ ಆಗುತ್ತದೆ, ಓದಿದ ಮೇಲೆ.

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್. ಅಗ್ಗ, ಒಗೆಯಲು ಸುಲಭ, ಹುಳು ಹಿಡಿಯುವುದಿಲ್ಲ. ಆದರೆ ಕಾದ ಇಸ್ತ್ರಿ ಮುಟ್ಟಿಸಿದರೆ ಪುಟಿಯುವ ಗುಣ ಹೋಗಿ ಜೋತುಬೀಳುತ್ತದೆ. ನಿಜವಾದ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಯೂ ಒದ್ದೆ ಅನ್ನಿಸುವುದಿಲ್ಲ.

ಮಗನಿಗೆ ಮುಂದಿನ ವರ್ಷ ಇದು ಗಿಡ್ಡವಾಗುತ್ತದೆ. ಆಗ ಬಿಚ್ಚಬಹುದು. ಹೊಲಿಗೆ ಕತ್ತರಿಸಿ, ಮುಗಿಸಿದ ತುದಿಯ ಗಂಟು ಹುಡುಕಿ ಎಳೆದರೆ ಸಾಲು ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಉಣ್ಣೆಯ ದಾರ ಕುಣಿಕೆಯ ಡೊಂಕನ್ನು ಹಾಗೇ ಉಳಿಸಿಕೊಂಡು ಗುಂಗುರಾಗಿರುತ್ತದೆ, ಏಕೆಂದರೆ ಅದರ ಪ್ರೋಟೀನ್ ಎಳೆಗಳ ನಡುವಿನ ಜಲಜನಕದ ಬಂಧಗಳು ಅದೇ ಭಂಗಿಯಲ್ಲಿ ಕೂತಿರುತ್ತವೆ. ಲಡಿ ಮಾಡಿ, ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೆಳತುದಿಗೆ ಹಗುರವಾದ ಭಾರ ಕಟ್ಟಿ ನೆರಳಿನಲ್ಲಿ ತೂಗುಹಾಕಿದರೆ ಆ ಬಂಧಗಳು ಸಡಿಲಿ, ಒಣಗುವಾಗ ಹೊಸದಾಗಿ ಕೂಡಿಕೊಳ್ಳುತ್ತವೆ. ದಾರ ನೆಟ್ಟಗಾಗುತ್ತದೆ. ಅದಕ್ಕೆ ಇನ್ನೆರಡು ಉಂಡೆ ಹೊಸ ಬಣ್ಣದ್ದು ಸೇರಿಸಿದರೆ ಒಂದಳತೆ ದೊಡ್ಡ ಸ್ವೆಟರ್.