‘ಆರ್ಡರ್ ಆಗಿಲ್ಲ’

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತರೂ, ಇಂಗ್ಲಿಷಿನ ಒಂದಕ್ಷರವನ್ನೂ ಓದದ ರೈತನ ಬಾಯಿಂದ ಒಂದು ಇಂಗ್ಲಿಷ್ ಮಾತು ಕೇಳಿಬರುತ್ತದೆ. ಅದು ‘ಆರ್ಡರ್’. ಈ ಒಂದು ಮಾತಿನಲ್ಲಿ ಅವನ ಹೊಲ, ಅವನ ಬಾಳು, ಅವನ ಮಕ್ಕಳ ನಾಳೆ ಎಲ್ಲವೂ ಸಿಕ್ಕಿಕೊಂಡಿವೆ. ಆದ್ದರಿಂದ ಇದನ್ನು ಬಿಡಿಸಿ ನೋಡುವುದು ಬರಿಯ ಪಂಡಿತರ ಕೆಲಸವಲ್ಲ.

ಇಂಗ್ಲಿಷಿನವರು ಈ ಶಬ್ದಕ್ಕೆ ಹೊರಿಸಿರುವ ಹೊರೆ ಸಣ್ಣದಲ್ಲ. ಹೋಟೆಲಿನಲ್ಲಿ ಎರಡು ಚಹಾ ಹೇಳಿದರೆ ಅದು ಆರ್ಡರ್. ಅಕ್ಕಸಾಲಿಗೆ ತಾಳಿ ಮಾಡಲು ಹೇಳಿದರೆ ಅದೂ ಆರ್ಡರ್. ಕೆಟ್ಟು ನಿಂತ ಯಂತ್ರ ‘ಔಟ್ ಆಫ್ ಆರ್ಡರ್’. ಮುಂಬಯಿ, ಪುಣೆಗಳಿಗೆ ದುಡಿಯಲು ಹೋದ ಮಗ ಮನೆಗೆ ಕಳಿಸುತ್ತಿದ್ದುದು ಮನಿಯಾರ್ಡರ್. ನ್ಯಾಯಾಧೀಶರು ಬರೆಯುವುದು ಆರ್ಡರ್, ಪೊಲೀಸರು ಕಾಯುವುದು ‘ಲಾ ಅಂಡ್ ಆರ್ಡರ್’, ವಿಧಾನಸಭೆಯಲ್ಲಿ ಸದಸ್ಯರು ಎತ್ತುವುದು ‘ಪಾಯಿಂಟ್ ಆಫ್ ಆರ್ಡರ್’. ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ. ಅಪ್ಪಣೆ ಬೇರೆ, ತೀರ್ಪು ಬೇರೆ, ಸುವ್ಯವಸ್ಥೆ ಬೇರೆ, ಕ್ರಿಯಾಲೋಪ ಬೇರೆ. ಹೋಟೆಲಿನಲ್ಲಿ ಹಣ ಕೊಡುವವನು ಆರ್ಡರ್ ಮಾಡುತ್ತಾನೆ. ಕಚೇರಿಯಲ್ಲಿ ತೆರಿಗೆ ಕೊಡುವ ಪ್ರಜೆ ಆರ್ಡರಿಗಾಗಿ ಕೈಕಟ್ಟಿ ನಿಲ್ಲುತ್ತಾನೆ. ಪ್ರಜಾಪ್ರಭುತ್ವದಲ್ಲಿ ಇದು ಎಂಥ ವಿಪರ್ಯಾಸ!

ನಮ್ಮ ಭಾಗಕ್ಕೆ ಈ ಮಾತು ಬರುವ ಮೊದಲು ಅದರ ಗಾದಿಯ ಮೇಲೆ ಇನ್ನೊಂದು ಮಾತು ಕುಳಿತಿತ್ತು. ನಿಜಾಮರ ಕಾಲದ ಕಚೇರಿಯ ಉರ್ದುವಿನಲ್ಲಿ ಅದು ‘ಹುಕುಂ’. 1948ರಲ್ಲಿ ನಿಜಾಮಶಾಹಿ ಹೋಯಿತು. 1956ರ ನವೆಂಬರ್ 1ರಂದು ನಾವು ಕನ್ನಡನಾಡಿಗೆ ಸೇರಿದೆವು. ಹುಕುಂ ಹೋಗಿ ಆರ್ಡರ್ ಬಂತು. ಶಬ್ದ ಬದಲಾಯಿತೇ ಹೊರತು ಅದನ್ನು ಕೊಡುವವನಿಗೂ ಕಾಯುವವನಿಗೂ ಇದ್ದ ಸಂಬಂಧ ಬದಲಾಗಲಿಲ್ಲ. ಹಳೆಯ ಮಾತು ಒಂದೇ ಕಡೆ ಗಟ್ಟಿಯಾಗಿ ಉಳಿದಿದೆ: ಬಗರ್ ಹುಕುಂ. ಅಂದರೆ ಅಪ್ಪಣೆಯಿಲ್ಲದೆ ಮಾಡಿದ ಉಳುಮೆ. ಕಲ್ಲು ಆರಿಸಿ, ಜಾಲಿ ಕಡಿದು, ಪಡ ಬಿದ್ದ ಸರ್ಕಾರಿ ನೆಲವನ್ನು ಹೊಲ ಮಾಡಿದ ಭೂಹೀನನ ಬೆವರಿಗೆ ಕಾಗದ ಇಟ್ಟ ಹೆಸರು ಇದು.

ಆ ನೆಲವನ್ನು ಸಕ್ರಮ ಮಾಡಲು 1964ರ ಭೂಕಂದಾಯ ಕಾನೂನಿಗೆ 94ಎ ಕಲಮನ್ನು ಸೇರಿಸಲಾಯಿತು. ನಮೂನೆ 50 ಬಂತು, ಬಳಿಕ 53 ಬಂತು, 2018ರಲ್ಲಿ 57 ಬಂತು. ಅರ್ಜಿಗಳ ಸಂಖ್ಯೆ ಬೆಳೆಯಿತು, ಅರ್ಜಿದಾರರು ಮುದುಕರಾದರು. ಕಚೇರಿಯ ಕಿಟಕಿಯಲ್ಲಿ ನಡೆಯುವ ಸಂಭಾಷಣೆ ಮಾತ್ರ ಬೆಳೆಯಲಿಲ್ಲ.

“ಸಾಹೇಬ್ರ, ನಮ್ದು ಏನಾತ್ರಿ?”

“ಆರ್ಡರ್ ಆಗಿಲ್ಲ. ಮುಂದಿನ ವಾರ ಬಾ.”

ಮಗನ ವಯಸ್ಸಿನ ಗುಮಾಸ್ತ ತಂದೆಯ ವಯಸ್ಸಿನವನನ್ನು ಏಕವಚನದಲ್ಲಿ ಕಳಿಸುತ್ತಾನೆ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು. ‘ಆರ್ಡರ್ ಆಗಿಲ್ಲ’ ಎಂದರೆ ಏನು? ಶಾಸಕರ ಅಧ್ಯಕ್ಷತೆಯ ಸಮಿತಿ ಸಭೆ ಸೇರಿಲ್ಲವೇ? ಸೇರಿ ಅರ್ಜಿಯನ್ನು ತಳ್ಳಿಹಾಕಿದೆಯೇ? ಮಂಜೂರಾಗಿ ತಹಸೀಲ್ದಾರರ ರುಜು ಬಾಕಿಯೇ? ಅಥವಾ ಕಡತವೇ ಕಳೆದಿದೆಯೇ? ನಾಲ್ಕಕ್ಕೂ ಒಂದೇ ಉತ್ತರ. ತಳ್ಳಿಹಾಕಿದ್ದೆಂದು ಗೊತ್ತಾದರೆ ರೈತ ಮೇಲ್ಮನವಿ ಹಾಕಿಯಾನು. ಗೊತ್ತಾಗದಂತೆ ಮಾಡುವುದೇ ಈ ಮಾತಿನ ಉಪಯೋಗ. ಅರ್ಥ ಹೆಚ್ಚಿದಷ್ಟೂ ಅಧಿಕಾರಶಾಹಿಗೆ ಅಡಗಲು ಮರೆ ಹೆಚ್ಚು.

ಆಳುವವರು ಈ ಶಬ್ದವನ್ನು ತಮಗೆ ಬೇಕಾದಂತೆ ತಿರುಗಿಸುವುದು ಸುರಪುರಕ್ಕೆ ಹೊಸದಲ್ಲ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದಾಗ, ದೊರೆಗಳ ಲೆಕ್ಕದಲ್ಲಿ ಅದು ಆರ್ಡರ್ ಕೆಟ್ಟದ್ದು. ಜನರ ನೆನಪಿನಲ್ಲಿ ಸ್ವಾತಂತ್ರ್ಯದ ಕಾಳಗ. ಇಂದೂ ನಾರಾಯಣಪುರ ಎಡದಂಡೆ ಕಾಲುವೆಯ ತುದಿಯ ರೈತ ಒಣಗಿದ ಬೆಳೆ ಹಿಡಿದು ರಸ್ತೆಗೆ ಬಂದರೆ ಆರ್ಡರಿಗೆ ಭಂಗ. ಮೇಲಿನವರು ತೂಬು ಒಡೆದು ನೀರು ಕುಡಿದರೆ ಆರ್ಡರಿಗೆ ಭಂಗವಿಲ್ಲ!

ನಾವು ಶಬ್ದದ್ವೇಷಿಗಳಲ್ಲ. ಹೋಟೆಲಿನ ಆರ್ಡರ್ ಹೋಟೆಲಿನಲ್ಲಿ ಸುಖವಾಗಿರಲಿ. ಡಾ. ಲೋಹಿಯಾ ಇಂಗ್ಲಿಷಿನ ವಿರುದ್ಧ ನಿಂತದ್ದು ಒಂದು ಭಾಷೆಯ ಮೇಲಿನ ಸಿಟ್ಟಿನಿಂದಲ್ಲ, ಆಡಳಿತ ಜನರಿಗೆ ಅರ್ಥವಾಗಬೇಕೆಂಬ ಹಟದಿಂದ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿದ ಕಾನೂನು 1963ರದು. ಸರ್ಕಾರದ ನಿರ್ಣಯದಿಂದ ಬಾಧಿತನಾದವನಿಗೆ ಅದರ ಕಾರಣ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕಿನ ಕಾನೂನಿನ 4ನೆಯ ಕಲಮು ಹೇಳುತ್ತದೆ. ಇವೆರಡನ್ನೂ ಪಾಲಿಸಿದರೆ ಸಾಕು, ಕಿಟಕಿಯ ಆ ಉತ್ತರ ತಾನೇ ಸಾಯುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಬಗರ್ ಹುಕುಂ ಅರ್ಜಿಗಳ ಪಟ್ಟಿಯನ್ನು ಗ್ರಾಮವಾರು ಪಂಚಾಯತಿಯ ಗೋಡೆಗೆ ಹಚ್ಚಬೇಕು. ಪ್ರತಿ ಹೆಸರಿನ ಮುಂದೆ ಮಂಜೂರು, ತಿರಸ್ಕೃತ, ಬಾಕಿ ಎಂದು ತಿಳಿಗನ್ನಡದಲ್ಲಿ ಬರೆಯಬೇಕು. ತಿರಸ್ಕರಿಸಿದ್ದಕ್ಕೆ ಕಾರಣ, ಬಾಕಿಯಿದ್ದುದಕ್ಕೆ ಯಾರ ಬಳಿ ಎಂಬುದನ್ನು ನಮೂದಿಸಬೇಕು. ರೈತ ಬಾಂಧವರು ಬಾಯಿಮಾತಿಗೆ ಮರಳಿ ಬರಬಾರದು. ಲಿಖಿತ ಉತ್ತರ ಕೇಳಬೇಕು, ಒಬ್ಬೊಬ್ಬರೇ ಹೋಗದೆ ಊರಿಗೆ ಊರೇ ಹೋಗಬೇಕು.

ಆರ್ಡರ್ ಎಂಬುದರ ಲ್ಯಾಟಿನ್ ಮೂಲಕ್ಕೆ ‘ಸಾಲು’ ಎಂದು ಅರ್ಥ. ಕೂರಿಗೆ ಹಿಡಿದು ನೆಟ್ಟನೆಯ ಸಾಲು ಬಿಡುವ ನಮ್ಮ ರೈತನಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಸಾಲು ತಪ್ಪಿರುವುದು ಹೊಲದಲ್ಲಲ್ಲ, ಕಚೇರಿಯಲ್ಲಿ.